ಮಗಳ ಬಲಗಿವಿ

ದೊಡ್ಡನೆಕ್ಕುಂದಿಯಲ್ಲಿ ನನ್ನದೊಂದು ರಟ್ಟಿನ ಡಬ್ಬದ ಕಾರ್ಖಾನೆ ಇದೆ. ಸಿಹಿತಿಂಡಿ ಅಂಗಡಿಗಳಿಗೆ, ಔಷಧದ ಕಂಪನಿಗಳಿಗೆ ಡಬ್ಬ ಮಾಡಿಕೊಡುತ್ತೇವೆ. ವಿಮಾ ಕಚೇರಿಯ ಕೆಲಸ ಬಿಟ್ಟು ಇದನ್ನು ಶುರು ಮಾಡಿದಾಗ ಮಗಳಿಗೆ ನಾಲ್ಕು ವರ್ಷ. ಗಂಡನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಸಿ.ವಿ. ರಾಮನ್ ನಗರದ ನಮ್ಮ ಮನೆಯನ್ನು ನಿಜವಾಗಿ ನಡೆಸುತ್ತಿದ್ದವರು ನನ್ನ ಅತ್ತೆ. ಮಗಳಿಗೆ ಜಡೆ ಹಾಕುವುದು, ಊಟದ ಡಬ್ಬಿ ಕಟ್ಟುವುದು, ಶಾಲೆ ಬಸ್ಸಿನ ಹತ್ತಿರ ನಿಲ್ಲುವುದು ಎಲ್ಲ ಅವರೇ.

ವಾರದ ಆರು ದಿನ ಕಾರ್ಖಾನೆಗೆ. ಭಾನುವಾರ ಹಾಕಿಗೆ. ನಾನು ಹಲಸೂರಿನಲ್ಲಿ ಬೆಳೆದವಳು. ಶಾಲೆಯಲ್ಲಿ ಓಡಲು ಸೋಮಾರಿತನ ಮಾಡುತ್ತಿದ್ದೆನೆಂದು ಮೇಡಂ ಗೋಲಿನಲ್ಲಿ ನಿಲ್ಲಿಸಿದರು, ಅಲ್ಲೇ ನಿಂತುಬಿಟ್ಟೆ. ಮದುವೆ, ಹೆರಿಗೆ ಎಂದು ಎಷ್ಟೋ ವರ್ಷ ಆಟ ಬಿಟ್ಟುಹೋಗಿತ್ತು. ಆಮೇಲೆ ಹಳೆಯ ಗೆಳತಿಯರು ಹತ್ತು ಮಂದಿ ಸೇರಿ ಮತ್ತೆ ಶುರು ಮಾಡಿದೆವು. ಕಾಲಿಗೆ ಪ್ಯಾಡು ಕಟ್ಟಿಕೊಂಡು ಗೋಲಿನ ಮುಂದೆ ನಿಂತರೆ ಆ ಎರಡು ಗಂಟೆ ನನಗೆ ಡಬ್ಬವೂ ನೆನಪಿರುತ್ತಿರಲಿಲ್ಲ, ಮನೆಯೂ ನೆನಪಿರುತ್ತಿರಲಿಲ್ಲ. ಮಗಳಿಗೆ ಒಂಬತ್ತು ತುಂಬಿದ ಮೇಲೆ ಅವಳನ್ನೂ ಕರೆದುಕೊಂಡು ಹೋಗತೊಡಗಿದೆ. ಅವಳು ಡಿಫೆನ್ಸ್‌ನಲ್ಲಿ, ನನ್ನ ಗೋಲಿನ ಮುಂದೆಯೇ ಆಡುತ್ತಿದ್ದಳು. ವ್ಯಾಪಾರ, ಸಂಸಾರ, ಆಟ ಮೂರನ್ನೂ ಎಷ್ಟು ಚೆನ್ನಾಗಿ ತೂಗಿಸಿಕೊಂಡು ಹೋಗ್ತೀರಿ ಎಂದು ಜನ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಅವಳಿಗೆ ಹನ್ನೊಂದು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಅತ್ತೆ ದಿಂಬಿನ ಕವರನ್ನು ನನ್ನ ಮುಂದೆ ಹಿಡಿದರು.

"ಮಗೂಗೆ ಕಿವಿ ಸೋರ್ತಿದೆ ಕಣಮ್ಮ. ಕಲೆ ನೋಡು. ಡಾಕ್ಟರಿಗೆ ತೋರಿಸ್ಬೇಕು."

"ಶನಿವಾರ ತೋರಿಸ್ತೀನಿ ಅತ್ತೆ."

ಶನಿವಾರ ಹಬ್ಬದ ಡಬ್ಬಗಳ ಲೋಡು ಹೋಗಬೇಕಿತ್ತು. ಮೆಡಿಕಲ್ ಶಾಪಿನವನನ್ನೇ ಕೇಳಿ ಕಿವಿಗೆ ಹಾಕುವ ಔಷಧ ತಂದೆ. ನಾಲ್ಕು ದಿನಕ್ಕೆ ಸೋರುವುದು ನಿಂತಿತು. ಮುಂದಿನ ತಿಂಗಳು ಮತ್ತೆ ಬಂತು. ಅತ್ತೆ ಮತ್ತೆ ಹೇಳಿದರು. ಗಂಡ, "ನಾನು ರಜಾ ಹಾಕಿ ಕರ್ಕೊಂಡು ಹೋಗ್ತೀನಿ ಬಿಡು" ಎಂದರು. "ಬೇಡ ರೀ, ನಾನೇ ತೋರಿಸ್ತೀನಿ" ಎಂದೆ. ಮಗಳನ್ನು ಡಾಕ್ಟರಿಗೆ ತೋರಿಸಲೂ ಇವಳಿಗೆ ಪುರುಸೊತ್ತಿಲ್ಲ ಎಂಬ ಮಾತು ಬರಬಾರದು ಎನ್ನುವ ಹಟ ನನ್ನದು. ತೋರಿಸಲೂ ಇಲ್ಲ, ತೋರಿಸಲು ಬಿಡಲೂ ಇಲ್ಲ.

ಅದೇ ಸಮಯಕ್ಕೆ ಶಾಲೆಯ ಡೈರಿಯಲ್ಲಿ 'ಪಾಠದ ಕಡೆ ಗಮನ ಇಲ್ಲ' ಎಂದು ಟೀಚರ್ ಬರೆದು ಕಳಿಸಿದರು. ನಾನು ಸಹಿ ಹಾಕಿ, ಮಗಳಿಗೆ ಬೈದೆ. ಟಿವಿ ಜೋರಾಗಿ ಇಡುತ್ತಾಳೆಂದು ಅದಕ್ಕೂ ಬೈದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಗಾಳಿ ಜೋರಾಗಿತ್ತು. ನಮ್ಮ ಹಳೆಯ ತಂಡವೂ ಮಕ್ಕಳೂ ಕಲೆತು ಎರಡು ಗುಂಪಾಗಿ ಆಡುತ್ತಿದ್ದೆವು. ಗೋಲ್‌ಕೀಪರ್‌ಗೆ ಇಡೀ ಮೈದಾನ ಕಾಣುತ್ತದೆ. ಮುಂದಿರುವವರಿಗೆ ಚೆಂಡು ಯಾವ ಕಡೆಯಿಂದ ಬರುತ್ತಿದೆ ಎಂದು ಕೂಗಿ ಹೇಳುವುದು ಅವಳದೇ ಕೆಲಸ. "ಬಲಕ್ಕೆ! ಬಲಕ್ಕೆ ಹೋಗು!" ಎಂದು ಕೂಗಿದೆ. ಮಗಳು ಅಲುಗಾಡಲಿಲ್ಲ. ಚೆಂಡು ಅವಳ ಪಕ್ಕದಿಂದಲೇ ಬಂದು ಗೋಲಾಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಗೋಲಾದಾಗ ಹೆಲ್ಮೆಟ್ ಕಿತ್ತು ಕೈಯಲ್ಲಿ ಹಿಡಿದು ಅವಳ ಹತ್ತಿರ ನಡೆದೆ.

"ಕಿವಿ ಇಲ್ವೇನೇ ನಿಂಗೆ? ಗಂಟಲು ಹರಿದುಹೋಗೋ ಹಾಗೆ ಕೂಗ್ತಿದೀನಿ!"

ಎಲ್ಲರೂ ತಿರುಗಿ ನೋಡಿದರು. ಮಗಳು ಸ್ಟಿಕ್ಕಿನ ತುದಿಯಿಂದ ನೆಲ ಕೆರೆಯುತ್ತಾ ನಿಂತಳು. ಅತ್ತಿದ್ದರೆ ವಾಸಿಯಿತ್ತು.

"ಈ ಕಡೆ ಕೇಳ್ಸಲ್ಲಮ್ಮ," ಎಂದು ಬಲಗಿವಿ ಮುಟ್ಟಿ ತೋರಿಸಿದಳು. "ನಿಂಗೆ ಹೇಳಿದ್ನಲ್ಲ. ಕಾರಲ್ಲಿ."

ನೆನಪಾಯಿತು. ಕೆ.ಆರ್. ಪುರದ ಸೇತುವೆಯ ಬಳಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆವು. ನಾನು ಗಿರಾಕಿಯೊಬ್ಬರ ಜೊತೆ ಫೋನಿನಲ್ಲಿದ್ದೆ. ಪಕ್ಕದಲ್ಲಿ ಕೂತವಳು "ಅಮ್ಮ, ನಂಗೆ ಒಂದು ಕಡೆ" ಎಂದು ಶುರು ಮಾಡಿದಳು. ನಾನು ಅವಳ ಮುಖವನ್ನೂ ನೋಡದೆ ಅಂಗೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದ್ದೆ. ಫೋನ್ ಇಟ್ಟ ಮೇಲೆ ಏನು ಹೇಳ್ತಿದ್ದೆ ಎಂದು ಕೇಳಲಿಲ್ಲ.

ಮರುದಿನವೇ ಶಿವಾಜಿನಗರದ ಆಸ್ಪತ್ರೆಯೊಂದಕ್ಕೆ ಹೋದೆವು. ಅತ್ತೆಯೂ ಬಂದರು. ವಯಸ್ಸಾದ ಡಾಕ್ಟರಮ್ಮ ಕಿವಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಎಷ್ಟು ದಿನದಿಂದ ಸೋರ್ತಿದೆ?" ಎಂದು ನನ್ನನ್ನು ಕೇಳಿದರು.

ನಾನು ಬೆರಳಲ್ಲಿ ತಿಂಗಳು ಎಣಿಸತೊಡಗಿದೆ. ಅತ್ತೆಯೇ ಹೇಳಿದರು: "ಗೌರಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಶುರುವಾಯ್ತು ಡಾಕ್ಟ್ರೇ. ದೀಪಾವಳಿ ಹೊತ್ತಿಗೆ ವಾಸನೆ ಬರೋಕೆ ಹತ್ತಿತು. ಸಂಕ್ರಾಂತಿಯಿಂದ ಎಡಗಿವಿನೇ ಮುಂದೆ ಮಾಡಿ ಮಾತು ಕೇಳ್ತಾಳೆ."

ಡಾಕ್ಟರಮ್ಮ ನನ್ನ ಮುಖ ನೋಡಿ, ಚೀಟಿ ಬರೆದರು. ಬೈದಿದ್ದರೆ ನಾನೂ ಏನಾದರೂ ಸಬೂಬು ಹೇಳುತ್ತಿದ್ದೆನೇನೋ. ಬಲಗಿವಿಯ ತಮಟೆಯಲ್ಲಿ ತೂತಾಗಿತ್ತು. ಎಡಗಿವಿಯೂ ಸ್ವಲ್ಪ ಮಂದವಾಗಿತ್ತು, ಅದು ಔಷಧಕ್ಕೆ ಸರಿಹೋಗುತ್ತದೆ ಎಂದರು. ಬಲಗಡೆಗೆ ಆಪರೇಷನ್ನೇ ಆಗಬೇಕಿತ್ತು.

ಬೇಸಿಗೆ ರಜೆಯಲ್ಲಿ ಆಪರೇಷನ್ ಆಯಿತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಅವಳನ್ನು ಒಳಗೆ ಕರೆದೊಯ್ದು ಅರ್ಧ ಗಂಟೆಯಾಗಿರಬೇಕು, ಕಾರ್ಖಾನೆಯಿಂದ ಫೋನ್ ಬಂತು. ಕತ್ತರಿಸುವ ಯಂತ್ರ ಕೆಟ್ಟು ನಿಂತಿತ್ತು. ನಾನು ಮೆಟ್ಟಿಲ ಹತ್ತಿರ ಹೋಗಿ ಮೆಕ್ಯಾನಿಕ್‌ಗೆ ಒಂದೊಂದೇ ಭಾಗ ವಿವರಿಸುತ್ತಾ ನಿಂತೆ. ತಿರುಗಿ ಬಂದಾಗ ಮಗಳನ್ನು ಹೊರಗೆ ತಂದಾಗಿತ್ತು. ಅವಳು ಕಣ್ಣುಬಿಟ್ಟು ಮೊದಲು ನೋಡಿದ್ದು ಅತ್ತೆಯನ್ನು. ಅಷ್ಟೆಲ್ಲ ಆದ ಮೇಲೂ ನಾನು ಆ ಫೋನ್ ತೆಗೆದುಕೊಂಡಿದ್ದೆ.

ಕಿವಿ ಮುಕ್ಕಾಲು ಪಾಲು ಸರಿಯಾಯಿತು. ಪೂರ್ತಿ ಅಲ್ಲ. ಬೇಗ ಬಂದಿದ್ದರೆ ಆಗುತ್ತಿತ್ತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಈಗ ಅದನ್ನ ಕೇಳಿ ಏನ್ ಮಾಡ್ತೀರಮ್ಮ" ಎಂದರು. ಅದೇ ಉತ್ತರ ಎಂದು ನಾನು ಅರ್ಥ ಮಾಡಿಕೊಂಡೆ. ನಾನು ಹೇಳಿದ್ದೆನಲ್ಲ ಎಂದು ಅತ್ತೆ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ನೀವು ಹೇಳಿದ್ದೇ ಸರಿ ಅತ್ತೆ ಎಂದು ನಾನೂ ಹೇಳಿಲ್ಲ.

ನಾನು ಆರು ತಿಂಗಳು ಮೈದಾನದ ಕಡೆ ಹೋಗಲಿಲ್ಲ. ಕೊನೆಗೆ ಮಗಳೇ, "ನಾನು ಆಡ್ಬೇಕು, ಕರ್ಕೊಂಡು ಹೋಗು" ಎಂದು ಹಟ ಹಿಡಿದಳು. ಈಗ ಫಾರ್ವರ್ಡ್ ಆಡುತ್ತಾಳೆ, ನನ್ನ ಗೋಲಿನಿಂದ ತುಂಬ ದೂರದಲ್ಲಿ.

ಅವಳಿಗೆ ಈಗ ಹದಿನೇಳು. ಮೊನ್ನೆ ಅಡುಗೆಮನೆಯಲ್ಲಿ ಇಬ್ಬರೂ ಅವರೆಕಾಳು ಹಿಸುಕುತ್ತಾ ಕೂತಿದ್ದೆವು. ಇಷ್ಟು ವರ್ಷ ಕೇಳಲಾಗದ್ದನ್ನು ಕೇಳಿದೆ.

"ಅವತ್ತು ಕಾರಲ್ಲಿ ನಾನು ಕೇಳಿಸ್ಕೊಳ್ಳಲಿಲ್ಲ, ಸರಿ. ಆಮೇಲಾದ್ರೂ ಇನ್ನೊಂದ್ಸಲ ಯಾಕೆ ಹೇಳ್ಲಿಲ್ಲ ಪುಟ್ಟಿ?"

ಅವಳು ಯೋಚಿಸಲೂ ಇಲ್ಲ. "ಹೇಳಿದ್ರೆ ಆಟ ಬಿಡಿಸ್ತಿದ್ದೆ. ಸಂಡೇ ಒಂದೇ ದಿನ ಅಲ್ವಾ ನೀನು ನನ್ ಜೊತೆ ಇರ್ತಿದ್ದಿದ್ದು."

ಅದರಲ್ಲಿ ದೂರು ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ಹಾಗೆ ಹೇಳಿ, ಸಿಪ್ಪೆಗಳನ್ನು ಒಂದು ಕಡೆ ಗುಡಿಸಿದಳು. ನಾನು ಎದ್ದುಹೋಗಿ ನಲ್ಲಿ ಬಿಟ್ಟು ಕೈ ತೊಳೆದೆ. ಬೇಕಾದ್ದಕ್ಕಿಂತ ಬಹಳ ಹೊತ್ತು ತೊಳೆದೆ.