ಹಾಡು ಮುಗಿದ ಮೇಲಿನ ಹೆಸರು

ಜೇವರ್ಗಿಯ ಗುಜರಿ ಅಂಗಡಿಯಲ್ಲಿ ಹಿತ್ತಾಳೆ ದೀಪ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಬೆಂಕಿಪೊಟ್ಟಣದಷ್ಟು ಚಿಕ್ಕ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಗ್ರಾಮಫೋನಿನ ಮುಳ್ಳುಗಳು, ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಆ ತುಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಆಳಂದದ ನಮ್ಮ ಓಣಿ, ಎದುರು ಮನೆಯ ಪಡಸಾಲೆ, ಅಲ್ಲಿ ಕುಳಿತ ಆಯಿ...

ಎದುರು ಮನೆಯ ಅಜ್ಜಿಯನ್ನು ಓಣಿಯ ಮಕ್ಕಳೆಲ್ಲ ಆಯಿ ಎನ್ನುತ್ತಿದ್ದೆವು. ನನಗಾಗ ಹತ್ತು ವರ್ಷ. ಅವರ ಮನೆಯಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿತ್ತು, ಏಳೆಂಟು ಪ್ಲೇಟುಗಳಿದ್ದವು. ಮಧ್ಯಾಹ್ನ ಆಕೆಯ ಗಂಡ, ನಮ್ಮೆಲ್ಲರ ಮುತ್ಯಾ, ಅಡತಿ ಅಂಗಡಿಗೆ ಹೋದ ಮೇಲೆ ಆಯಿ ನನ್ನನ್ನು ಕರೆದು ಹಾಡು ಕೇಳಿಸುತ್ತಿದ್ದಳು. ಅದರಲ್ಲೊಂದು ಪ್ಲೇಟೆಂದರೆ ನನಗೆ ಪ್ರಾಣ. ಹುಡುಗಿಯೊಬ್ಬಳು ನಾಟಕದ ಪದ ಹಾಡುತ್ತಿದ್ದಳು. ಎಂಥ ಗಂಟಲು ಅಂತೀರಿ! ಆದರೆ ಪದ ಮುಗಿಯುತ್ತಲೇ ಆಯಿ ಥಟ್ಟನೆ ಮುಳ್ಳು ಎತ್ತಿಬಿಡುತ್ತಿದ್ದಳು. ಬೇರೆ ಪ್ಲೇಟುಗಳನ್ನು ಕೊನೆಯವರೆಗೂ ಬಿಡುತ್ತಿದ್ದವಳು ಇದೊಂದಕ್ಕೆ ಮಾತ್ರ ಹೀಗೆ.

“ಆಯಿ, ಇನ್ನಾ ಸ್ವಲ್ಪ ಐತಲ್ಲ?”

“ಅಲ್ಲೇನಿಲ್ಲ ಬೇ, ಬರೇ ಗರಗರ.”

ನಾನು ಅಷ್ಟಕ್ಕೇ ಬಿಡುವವಳಲ್ಲ. ಒಂದು ದಿನ ಆಕೆಯ ಕೈ ಗಟ್ಟಿಯಾಗಿ ಹಿಡಿದೆ. ಆಯಿಯೂ ಅಷ್ಟೇನೂ ಜೋರಾಗಿ ಎಳೆದುಕೊಳ್ಳಲಿಲ್ಲ... ಪದ ಮುಗಿಯಿತು. ಪ್ಲೇಟಿನೊಳಗಿನ ಹುಡುಗಿ ಒಂದು ಉಸಿರು ಎಳೆದುಕೊಂಡು, ಒಂಚೂರೂ ಅಂಜದೆ, ತನ್ನ ಹೆಸರು ಹೇಳಿದಳು. ಊರು ಅಫಜಲಪುರ ಎಂದೂ ಸೇರಿಸಿದಳು.

“ಯಾರ್ ಆಯಿ ಈಕಿ?”

“ನಾನಽ ಬೇ,” ಎಂದು ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಗೆಲ್ಲ ಪ್ಲೇಟುಗಳು ಪರದೇಶದಲ್ಲಿ ಅಚ್ಚಾಗುತ್ತಿದ್ದವಂತೆ. ಯಾವ ಹಾಡು ಯಾರದ್ದು ಎಂದು ಅಲ್ಲಿಯವರಿಗೆ ತಿಳಿಯಲೆಂದು ಹಾಡಿದವರೇ ಕೊನೆಯಲ್ಲಿ ಹೆಸರು ಹೇಳುತ್ತಿದ್ದರಂತೆ. ಆಯಿ ಅದನ್ನು ಹಾಡಿದ್ದು ಹದಿನೈದರ ವಯಸ್ಸಿನಲ್ಲಿ, ನಾಟಕ ಕಂಪನಿಯಲ್ಲಿದ್ದಾಗ. ಮದುವೆಯಲ್ಲಿ ನಮ್ಮ ಕಡೆ ಸೊಸೆಗೆ ಹೊಸ ಹೆಸರು ಇಡುತ್ತಾರಲ್ಲ, ಆಕೆಗೂ ಇಟ್ಟರು. ಕಂಪನಿಯ ಹೆಣ್ಣು ತಂದಿದ್ದೇವೆಂದು ಊರಿಗೆ ಗೊತ್ತಾಗಬಾರದು, ಹಳೆಯ ಹೆಸರು ಈ ಮನೆಯಲ್ಲಿ ಯಾರ ಕಿವಿಗೂ ಬೀಳಬಾರದು ಎಂದು ಮುತ್ಯಾನ ತಾಕೀತು. ಹಾಡು ಕೇಳಬಹುದು, ಹಾಡಿದವಳ ಹೆಸರು ಕೇಳಬಾರದು. ಇದ್ಯಾವ ಸೀಮೆಯ ನ್ಯಾಯ!

“ಎಲ್ಲೂ ಬಾಯಿ ಬಿಡಬ್ಯಾಡ ನನ್ನ ಬಂಗಾರ,” ಎಂದಳು. ಹೂಂ ಎಂದೆ. ಆದರೆ ಮರುದಿನ ಹಿಟ್ಟಿನ ಗಿರಣಿಯ ಮುಂದೆ ಜೋಳದ ಡಬ್ಬಿ ಹಿಡಿದು ಬಂದ ಆಯಿಯನ್ನು ಕಂಡದ್ದೇ ಖುಷಿ ತಡೆಯಲಾಗದೆ ಆ ಹೆಸರು ಹಿಡಿದು ಕೂಗಿಬಿಟ್ಟೆ. ಆಯಿ ತಟ್ಟನೆ ತಿರುಗಿದಳು, ನಕ್ಕಳು ಕೂಡ. ಆಮೇಲೆ ಸಾಲಿನಲ್ಲಿದ್ದ ಹೆಂಗಸರ ಕಡೆ ನೋಡಿದಳು. ಮುಖ ಬಿಳಿಚಿಹೋಯಿತು. ಸಂಜೆಯೊಳಗೆ ಸುದ್ದಿ ಮುತ್ಯಾನ ಕಿವಿ ಮುಟ್ಟಿತ್ತು. ಎರಡೇ ದಿನಕ್ಕೆ ಗ್ರಾಮಫೋನು, ಪ್ಲೇಟುಗಳು ಎಲ್ಲ ಗಾಡಿ ಹತ್ತಿ ಹೋದವು.

ಆಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೊದಲಿನಂತೆಯೇ ಕರೆದು ಶೇಂಗಾ ಹೋಳಿಗೆ ಕೊಡುತ್ತಿದ್ದಳು, ತಲೆ ಬಾಚುತ್ತಿದ್ದಳು. ಆದರೆ ಮತ್ತೆ ಆಕೆ ಗುನುಗಿದ್ದನ್ನು ನಾನು ಕೇಳಲಿಲ್ಲ... ತೀರಿಕೊಂಡಾಗ ಹಂಚಿದ ಕಾರ್ಡಿನಲ್ಲೂ ಗಂಡನ ಮನೆಯವರು ಇಟ್ಟ ಹೆಸರೇ ಇತ್ತು.

ಇದೆಲ್ಲ ನೆನಪಾಗಿ ಗುಜರಿಯವನನ್ನು ಕೇಳಿದೆ, ಪ್ಲೇಟುಗಳೂ ಇವೆಯೇ ಎಂದು.

“ಹಿಂದ ಒಂದ್ ಗಂಟು ಬಿದ್ದದ ನೋಡ್ರಿ ಅಕ್ಕಾರ. ಯಾರೂ ಒಯ್ಯಂಗಿಲ್ಲ.”

ಧೂಳಿನಲ್ಲಿ ಒಂದು ತಾಸು ಕುಳಿತೆ. ಸಿಕ್ಕಿತು! ನಡುವಿನ ಚೀಟಿಯ ಮೇಲೆ ಅದೇ ಪದದ ಮೊದಲ ಸಾಲು. ಆಯಿಯದೇ ಪ್ಲೇಟೋ, ಅಂಥದ್ದೇ ಇನ್ನೊಂದೋ, ದೇವರಿಗೇ ಗೊತ್ತು. ಮಗಳು ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟಳು. ಬಿಡುಗಡೆಯಾಗಿ ಅರವತ್ತು ವರ್ಷ ದಾಟಿದ ಧ್ವನಿಮುದ್ರಣ ಎಲ್ಲರ ಸೊತ್ತು ಎನ್ನುತ್ತದೆ ಕಾನೂನು. ಇದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ವಯಸ್ಸು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಯಾರು ಬೇಕಾದರೂ ಕೇಳಲಿ ಎಂದು ಅಂತರ್ಜಾಲಕ್ಕೆ ಹಾಕಿದೆ, ಒಂದು ಕ್ಷಣವನ್ನೂ ಕತ್ತರಿಸದೆ. ಕೆಳಗೆ ಆಕೆ ಆಳಂದದ ಯಾವ ಮನೆಯ ಸೊಸೆ ಎಂದೂ ಬರೆದೆ.

ವಾರದಲ್ಲೇ ಆಯಿಯ ಮೊಮ್ಮಗನ ಫೋನು.

“ಅಕ್ಕಾರ, ಪದ ಇರ್ಲಿ ಬಿಡ್ರಿ. ಕಡೀಕ ಹೆಸರ್ ಹೇಳ್ಯಾಳಲ್ಲ, ಅದೊಂದು ತೆಗೀರಿ. ನಮ್ಮ ಮನೀ ಮರ್ಯಾದಿ ಪ್ರಶ್ನೆ ಐತ್ರಿ.”

“ತೆಗಿಯಂಗಿಲ್ಲಪಾ. ಅದು ನಿಮ್ಮ ಮನಿಯವ್ರು ಕೊಟ್ಟ ಹೆಸರಽ ಅಲ್ಲ. ತೆಗಿ ಅನ್ನಾಕ ನೀವ್ಯಾರು?”

“ಹಂಗಾದ್ರ ಕೇಸ್ ಹಾಕ್ತೇವ್ರಿ.”

“ಹಾಕ್ರಿ. ಕೋರ್ಟಿನ್ಯಾಗ ಎಲ್ಲಾರ ಮುಂದ ಆ ಪ್ಲೇಟ್ ಹಚ್ಚಸ್ತೇನಿ.”

ಫೋನು ಇಟ್ಟ ಮೇಲೆ ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಗಿರಣಿಯ ಮುಂದೆ ಹೆಸರು ಕೂಗಿದ್ದೇ ನನ್ನ ತಪ್ಪೆಂದು ಇಷ್ಟು ವರ್ಷ ಒಳಗೊಳಗೇ ಬೆಂದಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಆಮೇಲೆ ಅಂಜಿಕೊಂಡು ಬಾಯಿ ಹೊಲಿದುಕೊಂಡೆನಲ್ಲ, ತಪ್ಪು ಅದು. ಆಯಿ ಇದ್ದಾಗ ಒಮ್ಮೆಯಾದರೂ ಮತ್ತೆ ಆ ಹೆಸರಿನಿಂದ ಕರೆಯಬೇಕಿತ್ತು. ಕರೆಯಲಿಲ್ಲ. ಇನ್ನು ಕರೆದರೂ ಓ ಎನ್ನಲು ಆಕೆ ಇಲ್ಲ...

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನೀವೇ ಹಾಕಿಕೊಂಡು ಕೇಳಿ. ಪದ ಮುಗಿಯಿತೆಂದು ಎದ್ದುಬಿಡಬೇಡಿ, ಒಂದು ಉಸಿರಿನಷ್ಟು ಹೊತ್ತು ತಡೆಯಿರಿ. ಆಕೆಯೇ ಹೇಳುತ್ತಾಳೆ.