ಹುಸೇನಬೀ ಹಗಲಲ್ಲಿ ಹೇಳಿದ ಕಥೆ

ಕರಜಗಿಯ ಮಕ್ಕಳಿಗೆ ಸಂಜೆ ಆಗುತ್ತಿದ್ದದ್ದು ವಸ್ತಿ ಬಸ್ಸು ಬಂದಾಗ. ಬೆಳಿಗ್ಗೆ ಊರು ಬಿಟ್ಟು ಅಫಜಲಪುರ, ಆಳಂದ ಅಂತ ಸುತ್ತಿ, ಆರೂವರೆಗೆ ತಿರುಗಿ ಬಂದು ಗುಡಿಯ ಮುಂದೆ ರಾತ್ರಿ ವಸ್ತಿ ಮಾಡುವ ಕೆಂಪು ಬಸ್ಸು ಅದು. ಊರ ಹೊರಗಿನ ಹಳ್ಳ ಇಳಿಯುವಾಗ ಡ್ರೈವರ್ ಹುಸೇನಪೀರ ಉದ್ದಕ್ಕೆ ಒಂದು ಹಾರ್ನು ಹೊಡೆಯುತ್ತಿದ್ದ. ಹಾರ್ನು ಕೇಳಿದ್ದೇ ತಡ ಮಕ್ಕಳೆಲ್ಲ ಎದ್ದು ಬಸ್ಸಿಗೆ ಬೆನ್ನು ಹಾಕಿ ಓಡುತ್ತಿದ್ದವು, ಡ್ರೈವರನ ಅಕ್ಕ ಹುಸೇನಬೀಯ ಮನೆಕಟ್ಟೆಗೆ. ತಮ್ಮನ ಬಸ್ಸು ಊರು ಸೇರುವ ತನಕ ಆಕೆಯ ಬಾಯಿಂದ ಕಥೆ ಹೊರಡುತ್ತಿರಲಿಲ್ಲ. ಟೈರು ಪಂಕ್ಚರಾದ ದಿನ ರಾಕ್ಷಸನ ಗುಹೆಯಲ್ಲಿ ಸಿಕ್ಕಿಬಿದ್ದ ರಾಜಕುಮಾರಿಯೂ ಸ್ಟೆಪ್ನಿ ಹಾಕುವ ತನಕ ಕಾಯಬೇಕಾಗುತ್ತಿತ್ತು.

ಹುಸೇನಬೀಗೆ ಆಗ ನಲವತ್ತೆರಡು. ಎಂಬತ್ನಾಲ್ಕನೆಯ ಇಸವಿಯ ಮಾತು. ಹಗಲೆಲ್ಲ ಬಳೆಯ ಬುಟ್ಟಿ ಹೊತ್ತು ಸುತ್ತಲ ಏಳೆಂಟು ಹಳ್ಳಿ ತಿರುಗುತ್ತಿದ್ದಳು. ಹೆಣ್ಣುಮಕ್ಕಳ ಮುಖ ಮರೆತರೂ ಮುಂಗೈ ಮರೆತವಳಲ್ಲ. ಅವಳ ಕಥೆಗಳು ಅಜ್ಜಿಯಿಂದ ಉರ್ದುವಿನಲ್ಲಿ ಬಂದಿದ್ದವು. ಅವಳ ಬಾಯಿಗೆ ಬಿದ್ದ ಮೇಲೆ ಕನ್ನಡ ಕಲಿತವು, ಕರಜಗಿಯ ನೀರನ್ನೂ ಕುಡಿದವು. ಪರಿಗಳೆಂಬ ರೆಕ್ಕೆಯ ಕನ್ಯೆಯರು ಇಳಿಯುತ್ತಿದ್ದದ್ದು ಕಬ್ಬಿನ ಹೊಲದಲ್ಲಿ. ದೇವ್ ಎಂಬ ರಾಕ್ಷಸ ಗಾಣದ ಮನೆಗೆ ನುಗ್ಗಿ ಬಿಸಿ ಬೆಲ್ಲ ನೆಕ್ಕಿ ಬಾಯಿ ಸುಟ್ಟುಕೊಳ್ಳುತ್ತಿದ್ದ. ಬಾದಶಹನ ಅರಮನೆಯಲ್ಲೂ ಸೀಮೆಎಣ್ಣೆಗೆ ರೇಷನ್ ಕಾರ್ಡು ಬೇಕಿತ್ತು. ಈ ಪರಿಯ ಪರಿಗಳನ್ನು ಬೇರೆಲ್ಲೂ ಕಾಣೆವೆಂದು ಊರಿನ ಶಾಲೆಯ ಮಾಸ್ತರರೇ ಒಪ್ಪಿದ್ದರು.

ಆದರೆ ಹಗಲು ಹೊತ್ತು ಒಂದು ಸಾಲು ಹೇಳೆಂದರೂ ಆಕೆ ಹೇಳುತ್ತಿರಲಿಲ್ಲ. ಹಗಲು ಕಥೆ ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ ಎಂಬುದು ಅವರ ಮನೆಯ ನಂಬಿಕೆ. ಬೇರೆಯವರಿಗೆ ಅದು ನಂಬಿಕೆ. ಹುಸೇನಬೀಗೆ ಎರಡು ಸಲದ ಅನುಭವ.

ಮೊದಲನೆಯದು ಹತ್ತು ವರ್ಷದವಳಿದ್ದಾಗ. ಮಾವನ ಮಕ್ಕಳು ಕಾಡಿದವೆಂದು ಮಧ್ಯಾಹ್ನವೇ ಒಂದು ಕಥೆ ಹೇಳಿದಳು. ಭೀಮಾ ನದಿ ದಾಟಿ ಇಜೇರಿಗೆ ಬಳೆ ಮಾರಲು ಹೋಗಿದ್ದ ಸೋದರಮಾವ ಅಂದು ಬರಲಿಲ್ಲ, ಮರುದಿನ ಬರಲಿಲ್ಲ. ನಾಲ್ಕನೆಯ ದಿನ ಎರಡನೆಯ ಹೆಂಡತಿಯೊಂದಿಗೆ ಬಂದ. ಹೊಳೆ ಬಂದು ದಾರಿ ತಪ್ಪಿತೆಂದು ಅವನು ಹೇಳಿದ. ದಾರಿ ತಪ್ಪಿದ್ದನ್ನು ಅತ್ತೆಯೂ ಅಲ್ಲಗಳೆಯಲಿಲ್ಲ, ಹೊಳೆಯ ಸಂಗತಿಯನ್ನು ಮಾತ್ರ ಕೊನೆಯತನಕ ಒಪ್ಪಲಿಲ್ಲ.

ಎರಡನೆಯದಕ್ಕೆ ನಗುವಂತಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ, ಜ್ವರ ಬಂದು ಅಳುತ್ತಿದ್ದ ನೆರೆಮನೆಯ ಕೂಸಿಗೆಂದು ಸುಡುಬಿಸಿಲಲ್ಲಿ ಒಂದು ಚೋಟುದ್ದದ ಕಥೆ ಹೇಳಿದ್ದಳು. ಅಫಜಲಪುರಕ್ಕೆ ಬಳೆ ತರಲು ಸೈಕಲ್ ಮೇಲೆ ಹೋಗಿದ್ದ ಗಂಡ ಗೌಸಮೊಹಿದ್ದೀನ ಮನೆಗೆ ಬರಲಿಲ್ಲ. ಎರಡು ದಿನದ ಮೇಲೆ, ಅವನು ಹೋಗಬೇಕಾಗಿಯೇ ಇರದ ಒಂದು ಹೊಲದ ದಾರಿಯ ಹಾಳುಬಾವಿಯಲ್ಲಿ ಸಿಕ್ಕ. ಅಲ್ಲಿಗೆ ಯಾಕೆ ಹೋದನೆಂದು ಯಾರಿಗೂ ತಿಳಿಯಲಿಲ್ಲ. ಹುಸೇನಬೀ ತನಗೆ ತಿಳಿದಿದೆ ಎಂದುಕೊಂಡಳು. ತಾಯಿಯಿಲ್ಲದ ತಮ್ಮ ಆಗ ಏಳು ವರ್ಷದವ. ಅವನನ್ನು ಬಳೆ ಮಾರಿಯೇ ಬೆಳೆಸಿದಳು, ಓದಿಸಿದಳು. ಇಂಥವಳ ತಮ್ಮ ದೊಡ್ಡವನಾಗಿ ಹಿಡಿದ ಕಸುಬು ಡ್ರೈವರಿಕೆ.

ಇಂಥ ಮನೆಗೆ ಒಂದು ಮಧ್ಯಾಹ್ನ ಜೀಪಿನಲ್ಲಿ ರೇಡಿಯೋದ ಕಲ್ಯಾಣಪ್ಪ ಬಂದರು. ಕೈಯಲ್ಲಿ ಕೂಸಿನಷ್ಟು ಭಾರದ ಟೇಪ್ ರೆಕಾರ್ಡರು. ಹಳ್ಳಿಗಳ ಕಥೆಗಳನ್ನು ಹಿಡಿದು ರೂಪಕ ಮಾಡಿ ಮಹಿಳೆಯರ ಕಾರ್ಯಕ್ರಮದಲ್ಲಿ ಬಿತ್ತರಿಸುತ್ತೇವೆ, ಒಂದು ಕಥೆ ಹೇಳಿರಿ ಎಂದರು.

"ಹೊತ್ತು ಮುಳುಗಲಿರಿ ಸಾಹೇಬರ," ಎಂದಳು ಹುಸೇನಬೀ. "ಹಗಲಿ ಹೇಳಿದ್ರ ಮುಸಾಫರ್ರು ದಾರಿ ತಪ್ಪತಾರ."

"ನೀವು ಹೇಳಲಾರದನ ನಾವು ಬರೋವಾಗ ಎರಡು ಸಲ ದಾರಿ ತಪ್ಪೀವಲ್ರಿ."

"ಮತ್ಯಾರರ ಹೇಳಾಕತ್ತಿರಬೇಕ್ರಿ."

ಇಪ್ಪತ್ತು ವರ್ಷದ ನೌಕರಿಯಲ್ಲಿ ಕಲ್ಯಾಣಪ್ಪನವರು ವಾದದಲ್ಲಿ ಇಷ್ಟು ಬೇಗ ಸೋತದ್ದಿಲ್ಲ. ಬೇವಿನ ನೆರಳಲ್ಲಿ ಜೀಪು ನಿಲ್ಲಿಸಿ, ಹುಸೇನಬೀ ಕೊಟ್ಟ ರೊಟ್ಟಿ ಉಂಡು, ಒಂದು ನಿದ್ದೆ ಮಾಡಿ, ಹಾರ್ನು ಕೇಳಿದ ಮೇಲೆ ಎದ್ದು ಟೇಪು ಒತ್ತಿದರು.

ಅವತ್ತು ಹೇಳಿದ್ದು ಬಳೆಯ ಕಥೆ. ಹೊಳೆಯಲ್ಲಿ ತೇಲಿಬಂದ ಒಂದು ಬಳೆ ಬಾದಶಹನ ಮಗನಿಗೆ ಸಿಗುತ್ತದೆ. ಅದು ಯಾರ ಕೈಯದೋ ಅವಳನ್ನೇ ಮದುವೆಯಾಗುತ್ತೇನೆಂದು ಅವನು ಊರೂರು ತಿರುಗುತ್ತಾನೆ. ಕೊನೆಗೆ ಒಂದು ಮನೆಗೆ ಬರುತ್ತಾನೆ. ಅಲ್ಲಿ ಏಳು ಜನ ಅಕ್ಕತಂಗಿಯರು, ಕಿರಿಯವಳು ಬೀಸುಕಲ್ಲಿನ ಮುಂದೆ. ಕಥೆ ಮುಗಿದ ಮೇಲೆ ಕಲ್ಯಾಣಪ್ಪನವರು ಕೈ ಜೋಡಿಸಿ ಬಹಳ ಹೊಗಳಿದರು. ಆಮೇಲೆ ಸ್ವಲ್ಪ ಅಳುಕುತ್ತ, ಏಳು ಜನ ಹೆಣ್ಣುಮಕ್ಕಳೆಂದರೆ ಕುಟುಂಬ ಯೋಜನೆಯವರು ಆಕ್ಷೇಪಣೆ ತೆಗೆಯುತ್ತಾರೆ, ಎರಡು ಮಾಡಿಕೊಳ್ಳುತ್ತೇವೆ ಎಂದರು.

"ಎರಡ ಮಂದಿ ಇದ್ರ ಹುಡುಕೋದೇನದರಿ? ಒಬ್ಬಾಕಿ ಅಲ್ಲಂದ್ರ ಇನ್ನೊಬ್ಬಾಕಿ," ಎಂದಳು ಹುಸೇನಬೀ.

ಸಾಕಷ್ಟು ಚೌಕಾಸಿಯಾಗಿ, ಉಳಿದ ಐವರನ್ನು ಕಾಕನ ಮಕ್ಕಳೆಂದು ತೋರಿಸುವುದೆಂಬ ಒಪ್ಪಂದಕ್ಕೆ ಬಂದರು.

ತಿಂಗಳ ಮೇಲೆ ಒಂದು ಕಾರ್ಡು ಬಂತು. ನೆರೆಮನೆಯ ಕಸ್ತೂರಿಬಾಯಿ ಅದನ್ನು ಓಣಿಗೆಲ್ಲ ಕೇಳುವಂತೆ ಓದಿದಳು: ನಿಮ್ಮ ಕಥೆಯನ್ನಾಧರಿಸಿದ ರೂಪಕ ಬರುವ ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಪ್ರಸಾರವಾಗಲಿದೆ. ಓಣಿ ಖುಷಿಪಟ್ಟಿತು. ಹುಸೇನಬೀ ಹನ್ನೆರಡೂವರೆಯ ಸಾಲನ್ನು ಮತ್ತೊಮ್ಮೆ ಓದಿಸಿದಳು. ಹೊತ್ತು ಮುಳುಗಿದ ಮೇಲೆ ಹೇಳಿದ ಕಥೆಯನ್ನು ಹಗಲು ಬಿಚ್ಚುತ್ತಾರೆಂದು ಆಕೆಗೆ ಹೊಳೆದೇ ಇರಲಿಲ್ಲ. ಚೋಟುದ್ದದ ಕಥೆಯೊಂದು ಒಂದು ಬಾಯಿಂದ ಹೊರಟು ಗಂಡನನ್ನು ಒಯ್ದಿತ್ತು. ಈಗ ಅದೇ ಬಾಯಿ ಮೂರು ತಾಲ್ಲೂಕಿನ ಎಲ್ಲ ರೇಡಿಯೋಗಳಲ್ಲಿ ಒಂದೇ ಸಲಕ್ಕೆ ಮಾತಾಡುವುದು. ಗುರುವಾರ ಹನ್ನೆರಡೂವರೆಗೆ ತಮ್ಮ ಇರುವುದು ಅಫಜಲಪುರ ಮತ್ತು ಆಳಂದದ ನಡುವೆ, ಸ್ಟೀರಿಂಗ್ ಹಿಡಿದು.

ಅವತ್ತೊಂದು ದಿನ ರಜೆ ಹಾಕೆಂದು ಅಂಗಲಾಚಿದಳು.

"ಅರ್ಜಿದಾಗ ಏನಂತ ಬರೀಲಿ ಆಪಾ?" ಎಂದ ಹುಸೇನಪೀರ. "ನಮ್ಮಕ್ಕ ರೇಡಿಯೋದಾಗ ಕಥಿ ಹೇಳ್ತಾಳ, ನಾ ದಾರಿ ತಪ್ಪತೇನಿ ಅಂತ ಬರೀಲೇನು?"

"ಅದನ ಬರಿ."

ಅವನು ಬರೆಯಲಿಲ್ಲ. ಗುರುವಾರ ಬೆಳಿಗ್ಗೆ ಬಳೆಯ ಬುಟ್ಟಿ ಹಿಡಿದುಕೊಂಡು ಹುಸೇನಬೀ ತಾನೇ ಬಸ್ಸು ಹತ್ತಿದಳು. ಡ್ರೈವರನ ಪಕ್ಕ ಇಂಜಿನ್ನಿಗೆ ತಾಗಿದ ಉದ್ದ ಸೀಟಿನಲ್ಲಿ, ರಸ್ತೆ ಪೂರ್ತಿ ಕಾಣುವಂತೆ ಕೂತಳು. ತಮ್ಮ ದಾರಿ ತಪ್ಪಿದರೆ ಅಲ್ಲೇ ಹಿಡಿದು ತಿರುಗಿಸುವುದೆಂದು ಆಕೆಯ ಲೆಕ್ಕ. ಅಫಜಲಪುರದಿಂದ ಆಚೆಗೆ ಆಕೆ ಹುಟ್ಟಿದಾಗಿನಿಂದ ಹೋದವಳಲ್ಲ ಎಂಬುದು ಆ ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ಅಫಜಲಪುರ ದಾಟಿ ಒಂದು ಕ್ರಾಸಿನಲ್ಲಿ ಚಹಾಕ್ಕೆಂದು ಬಸ್ಸು ನಿಂತಾಗ ಹನ್ನೆರಡೂವರೆ ಆಯಿತು. ಮುಂದಿನ ಸೀಟಿನಲ್ಲಿದ್ದ ತೊಗರಿ ವ್ಯಾಪಾರಿ ಜಗದೇವಪ್ಪನ ತೊಡೆಯ ಮೇಲೆ ಚರ್ಮದ ಅಂಗಿ ತೊಟ್ಟ ಟ್ರಾನ್ಸಿಸ್ಟರು. ಅದರೊಳಗಿಂದ ಹುಸೇನಬೀಯ ದನಿ ಎರಡು ಸಾಲು ಬಂತು. ಬಸ್ಸಿಗೆ ಬಸ್ಸೇ ಅವಳ ಕಡೆ ತಿರುಗಿತು. ಕಂಡಕ್ಟರ್ ಶಿವರಾಯ ಸೀಟಿಯನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡ. ಮೂರನೆಯ ಸಾಲಿಗೆ ಸಿತಾರು ಶುರುವಾಯಿತು, ನಾಲ್ಕನೆಯದಕ್ಕೆ ಬಾದಶಹ ಮಹಾರಾಜನಾಗಿ "ಎಲೈ ಮಂತ್ರಿಯೇ" ಎಂದ. ಆಮೇಲೆ ಎಲ್ಲರೂ ಪಠ್ಯಪುಸ್ತಕದ ಕನ್ನಡದಲ್ಲೇ ಮಾತಾಡಿದರು. ಕಾಕನ ಮಕ್ಕಳು ಎಲ್ಲೋ ಕತ್ತರಿಗೆ ಸಿಕ್ಕು ಹೋಗಿದ್ದರು. ಇಬ್ಬರೇ ಅಕ್ಕತಂಗಿಯರು, ಅಕ್ಕನಿಗೆ ಬಳೆ ಹಿಡಿಸಲಿಲ್ಲ, ತಂಗಿಯ ಕೈಗೆ ಸಲೀಸಾಗಿ ಹೋಯಿತು. ಮಂಗಳವಾದ್ಯ. ಆಮೇಲೆ ಯೂರಿಯಾ ಗೊಬ್ಬರದ ಪ್ರಕಟಣೆ.

ಹುಸೇನಬೀ ಉಸಿರು ಬಿಟ್ಟಳು. ಕಥೆ ಹಾಳಾಗಿತ್ತು, ಆದರೆ ಕಥೆ ಮುಗಿಯುವ ತನಕ ಬಸ್ಸು ನಿಂತಲ್ಲೇ ನಿಂತಿತ್ತು. ಗಂಡಾಂತರ ಕಳೆಯಿತು. ಹುಸೇನಪೀರ ನಗುತ್ತ ಇಂಜಿನ್ನು ಚಾಲೂ ಮಾಡಿದ.

ಬಸ್ಸು ಎರಡು ಮೈಲು ಹೋಗಿರಬೇಕು. ಹಿಂದಿನ ಸೀಟಿನಲ್ಲಿ ಕೂಲಿಗೆಂದು ಆಳಂದಕ್ಕೆ ಹೊರಟಿದ್ದ ಮರೆಮ್ಮ ಎಂಬಾಕೆ ತನ್ನ ಗಂಟುಗಂಟಾದ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಬೀಸಕಲ್ಲ ತಿರುವಿದ ಕೈಗಿ ಅರಮನಿ ಬಳಿ ಸರಕ್ಕನ ಹೋತಂತ," ಎಂದಳು ಯಾರಿಗೆಂದಿಲ್ಲದೆ. "ಸುಳ್ಳ ಕಥಿ."

ಹುಸೇನಬೀಗೆ ಚುರುಕ್ಕೆಂದಿತು. ನಿಜವಾದ ಕಥೆಯಲ್ಲಿ ಬಳೆ ಹೋಗುವುದೇ ಇಲ್ಲ. ಅದನ್ನು ಹೇಳೋಣವೆಂದು ಬಾಯಿ ತೆರೆದಳು, ಕಿಟಕಿಯ ಹೊರಗೆ ನೆತ್ತಿಯ ಮೇಲಿದ್ದ ಸೂರ್ಯನನ್ನು ನೋಡಿದಳು, ಪಕ್ಕದಲ್ಲಿ ತಮ್ಮನ ಕತ್ತಿನ ಮೇಲೆ ಇಳಿಯುತ್ತಿದ್ದ ಬೆವರನ್ನು ನೋಡಿದಳು, ಬಾಯಿ ಮುಚ್ಚಿದಳು. ಜಗದೇವಪ್ಪ ಕೇಳಿದ, ಶಿವರಾಯ ಕೇಳಿದ, ಆಕೆ ತುಟಿ ಬಿಚ್ಚಲಿಲ್ಲ. ಒಂದು ಮೈಲಿಗಲ್ಲು ಹೋಯಿತು.

"ನಾ ಅಂದೆನಲ್ಲ," ಎಂದಳು ಮರೆಮ್ಮ. "ಹೇಳೋರಿಗೇ ಗೊತ್ತದ ಸುಳ್ಳಂತ."

"ಹೋಗಿಲ್ಲ ಯವ್ವಾ," ಎಂದುಬಿಟ್ಟಳು ಹುಸೇನಬೀ. "ಆ ಹುಡುಗಿ ಕೈಗೂ ಬಳಿ ಹೋಗಲಿಲ್ಲ."

ಹೇಳತೊಡಗಿದಳು. ಮೊದಮೊದಲು ಕಣ್ಣು ರಸ್ತೆಯ ಮೇಲೆ, ಮಾತು ಹಿಂದಕ್ಕೆ. ಆ ಬಳೆ ಹೊಳೆಯಲ್ಲಿ ಕಳೆದಾಗ ಹುಡುಗಿ ಸಣ್ಣವಳು; ಆಮೇಲೆ ಎಷ್ಟು ಸೇರು ಜೋಳ ಬೀಸಿದಳೋ, ಎಷ್ಟು ಕೊಡ ನೀರು ಹೊತ್ತಳೋ, ಕೈ ಬೇರೆಯೇ ಆಗಿತ್ತು. ಬಳೆ ಗೆಣ್ಣಿಗೆ ಸಿಕ್ಕಿ ನಿಂತಿತು. ಇವಳೂ ಅಲ್ಲವೆಂದು ಬಾದಶಹನ ಮಗ ಕುದುರೆಯ ಕಡೆ ತಿರುಗಿದ. ಇಷ್ಟಾಗುವಾಗ ಹುಸೇನಬೀ ರಸ್ತೆ ಮರೆತು ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದಳು. ಕೇಳುವವರ ಮುಖ ನೋಡದೆ ಕಥೆ ಹೇಳುವುದು ಆಕೆಗೆ ಯಾವತ್ತೂ ಬಂದಿರಲಿಲ್ಲ.

ಬಸ್ಸು ದಡಕ್ಕನೆ ಕುಣಿದು ನಿಂತಿತು.

ಡಾಂಬರು ಎಲ್ಲೂ ಇರಲಿಲ್ಲ. ಎರಡೂ ಕಡೆ ತೊಗರಿ ಹೊಲ, ನಡುವೆ ಕರಿಮಣ್ಣಿನ ಬಂಡಿದಾರಿ, ಅದರ ಮೇಲೆ ನಲವತ್ತಮೂರು ಮಂದಿಯನ್ನು ಹೊತ್ತ ಸರಕಾರಿ ಬಸ್ಸು. ಯಾವಾಗ ರಸ್ತೆ ಬಿಟ್ಟಿತೆಂದು ಒಬ್ಬರಿಗೂ ಗೊತ್ತಾಗಿರಲಿಲ್ಲ.

ಒಂದು ಹೊಲದ ದಾರಿ, ಒಂದು ಮಧ್ಯಾಹ್ನ, ಒಂದು ಕಥೆ. ಹುಸೇನಬೀ ತಮ್ಮನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಹುಸೇನಪೀರ ಇಂಜಿನ್ನು ಬಂದ್ ಮಾಡಿ ನಿಧಾನಕ್ಕೆ ಅವಳ ಕಡೆ ತಿರುಗಿದ.

"ಕಥಿ ಯಾಕ ನಿಂದರಿಸಿದಿ ಆಪಾ? ನಾನ ಈ ಕಡಿ ಹೊಳ್ಳಿಸೀನಿ. ಡಾಂಬರ್ ಮ್ಯಾಲ ಹೋಗಿದ್ರ ಕಥಿ ಮುಗಿಯೋದ್ರಾಗ ಆಳಂದ ಬಂದುಬಿಡ್ತಿತ್ತು."

"ಈ ದಾರಿ ಎಲ್ಲಿಗಿ ಹೋಗ್ತದ ಪೀರು?"

ಹುಸೇನಪೀರ ಶಿವರಾಯನನ್ನು ನೋಡಿದ. ಶಿವರಾಯ ತೊಗರಿ ಹೊಲವನ್ನು ನೋಡಿದ.

"ಎಲ್ಲಿಗರ ಹೋಗ್ತದ," ಎಂದ ಹುಸೇನಪೀರ, ಎಡಗಿವಿ ಉಜ್ಜಿಕೊಳ್ಳುತ್ತ. "ನಾ ನಿನ್ನ ಮುಂದನ ಕೂತೀನಿ. ಎಲ್ಲಿ ಕಳದೀನಿ, ಹೇಳು?"

ಏಳು ವರ್ಷದವನಿದ್ದಾಗ ಬೆಲ್ಲ ಕದ್ದು ಇಲ್ಲವೆಂದಾಗಲೂ ಅವನು ಎಡಗಿವಿಯನ್ನೇ ಉಜ್ಜುತ್ತಿದ್ದ. ಹುಸೇನಬೀ ಆ ಕೈಯನ್ನು ನೋಡಿದಳು, ಕಿವಿಯನ್ನು ನೋಡಿದಳು, ಮೂವತ್ತು ವರ್ಷದ ಆ ಇಡೀ ಆಳನ್ನು ಮೇಲಿಂದ ಕೆಳತನಕ ನೋಡಿದಳು. ಅವನು ದಾರಿ ತಪ್ಪಿದ್ದ, ಅದರಲ್ಲಿ ಅನುಮಾನವಿರಲಿಲ್ಲ. ದಾರಿ ತಪ್ಪಿಯೂ ಅವಳ ಕೈಯಳತೆಯಲ್ಲೇ ಇದ್ದ. ಅವನ ತೋಳು ಬಿಟ್ಟಳು.

"ಮುಂದಿಂದು ಹೇಳ್ರಿ," ಎಂದ ಜಗದೇವಪ್ಪ, ಟ್ರಾನ್ಸಿಸ್ಟರನ್ನು ಆರಿಸುತ್ತ.

ಹುಸೇನಬೀ ಬುಟ್ಟಿಯ ಬಟ್ಟೆ ಸರಿಸಿ ಒಂದು ಹಸಿರು ಬಳೆ ತೆಗೆದಳು. ಎದ್ದು ಹಿಂದಿನ ಸೀಟಿಗೆ ಹೋಗಿ ಮರೆಮ್ಮನ ಪಕ್ಕ ಕೂತು ಆಕೆಯ ಬಲಗೈ ತೊಡೆಯ ಮೇಲೆ ಇಟ್ಟುಕೊಂಡಳು.

"ಆ ಊರಾಗ ಒಬ್ಬಾಕಿ ಬಳಿಗಾರ್ತಿ ಇದ್ದಳು. ಆಕಿ ಬಂದು ಬಾದಶಹನ ಮಗಗ ಅಂದಳು: ನೀ ಬಳಿ ದೂಡಾಕತ್ತಿಯಪ್ಪಾ. ಬಳಿ ದೂಡಬಾರದು, ಕೈ ಕೇಳಬೇಕು. ದುಡಿದ ಕೈ ತಡಾ ಮಾಡಿ ಹೂಂ ಅಂತದ."

ಹೇಳುತ್ತಲೇ ಮರೆಮ್ಮನ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿದಳು, ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ಸಡಿಲಿಸಿದಳು, ಕಿರುಬೆರಳ ಬುಡವನ್ನು ಸ್ವಲ್ಪ ಹೊತ್ತು ಹಿಸುಕಿ ಹಿಡಿದಳು. ಬಸ್ಸಿನಲ್ಲಿ ಎಲ್ಲರೂ ಸೀಟಿನ ಮೇಲೆ ಮೊಣಕಾಲೂರಿ ಹಿಂದಕ್ಕೆ ಬಗ್ಗಿದ್ದರು. ಬಳೆ ಗೆಣ್ಣಿನ ಮೇಲೆ ಬಂದು ನಿಂತಿತು, ಒಂದು ಕ್ಷಣ ಯೋಚಿಸಿತು, ಇಳಿಯಿತು.

"ಹೋತು," ಎಂದಳು ಮರೆಮ್ಮ. ಕಥೆಯ ಹುಡುಗಿಯ ಕೈಗೋ ತನ್ನ ಕೈಗೋ ಎಂದು ಯಾರೂ ಕೇಳಲಿಲ್ಲ.

ಶಿವರಾಯ ಕೆಳಗಿಳಿದು, ಜೇಬಿನಿಂದ ಸೀಟಿ ತೆಗೆದು, ಹಿಂದೆ ಬಾ ಹಿಂದೆ ಬಾ ಎಂದು ಊದತೊಡಗಿದ. ಹುಸೇನಪೀರ ಬಸ್ಸನ್ನು ರಿವರ್ಸಿಗೆ ಹಾಕಿದ. ಹಿಂದಕ್ಕೆ ಬರಲು ಅಲ್ಲಿ ಇದ್ದದ್ದು ಒಂದೇ ದಾರಿ. ಹುಸೇನಬೀ ಅತ್ತ ನೋಡಲೂ ಇಲ್ಲ. ಮದುವೆಯ ಊಟದ ಭಾಗ ಇನ್ನೂ ಹೇಳುವುದಿತ್ತು.