ಮತದಾನದ ದಿನದ ಹೋರೇಸ್

ಚುನಾವಣೆಯ ದಿನ ಹೋರೇಸ್ ಟಿಲ್ಮನ್ ಬೆಳಗ್ಗೆ ಆರಕ್ಕೇ ತನ್ನ ಹಳೇ ಪಿಕಪ್ಪಿನ ಹಾರನ್ ಬಾರಿಸಿ ನಮ್ಮ ಬೀದಿಯನ್ನೆಲ್ಲ ಎಬ್ಬಿಸುತ್ತಾನೆ. ಮಗಳ ಮದುವೆಗೂ ಟೈ ಕಟ್ಟದವನು ಅವತ್ತು ಬಿಳಿ ಅಂಗಿಯ ಮೇಲೆ ನೀಲಿ ಟೈ ಬಿಗಿದಿರುತ್ತಾನೆ. "ಏಳ್ರೋ ಸೋಮಾರಿಗಳಾ! ಗವರ್ನರಿಗೂ ಒಂದೇ ಓಟು, ನಿಮಗೂ ಒಂದೇ!" ಕಾಲುನೋವು ಎಂದ ಮುದುಕಿ ಅರ್ಲೀನಳನ್ನು ಒಮ್ಮೆ ಕುರ್ಚಿ ಸಮೇತ ಗಾಡಿಗೆ ಏರಿಸಿದ್ದ. ಟೈರ್ ಬಿಚ್ಚುತ್ತಾ ಕೂತ ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳುತ್ತಾನೆ. "ನಿಂತಿರೋರೆಲ್ಲ ಕಳ್ಳರೇ, ಹೋಗಯ್ಯಾ!" ಎಂದು ನಾನು ರೇಗಿದರೆ, "ಯಾವ ಕಳ್ಳ ಬೇಕೋ ಆರಿಸ್ಕೋ, ಸ್ವತಂತ್ರ ದೇಶ ಕಣಪ್ಪಾ," ಎನ್ನುತ್ತಾನೆ. ಮತಗಟ್ಟೆಯಾದ ಚರ್ಚಿನ ಮುಂದೆ ನಮ್ಮನ್ನೆಲ್ಲ ಇಳಿಸಿ ತಾನು ಮಾತ್ರ ಸ್ಟಿಯರಿಂಗ್ ಹಿಡಿದು ಕೂತೇ ಇರುತ್ತಾನೆ. ಹತ್ತೊಂಬತ್ತರ ವಯಸ್ಸಿನಲ್ಲಿ ಕಾರೊಂದನ್ನು ಕದ್ದು ಜೈಲು ಕಂಡವನು; ನಮ್ಮ ಮಿಸಿಸಿಪ್ಪಿ ರಾಜ್ಯದಲ್ಲಿ ಅಂಥವರಿಗೆ ಕಳೆದುಕೊಂಡ ಮತದ ಹಕ್ಕು ವಾಪಸ್ ಸಿಗುವುದು ಹೆಚ್ಚುಕಡಿಮೆ ಆಗದ ಮಾತು. ಅವನಿಗೀಗ ಅರವತ್ತೆರಡು. ಹೊರಗೆ ಬಂದ ಒಬ್ಬೊಬ್ಬರನ್ನೂ, "ಒಳಗೆ ಹೆಂಗಿರುತ್ತೆ?" ಎಂದು ಕೇಳುತ್ತಾನೆ. ಕಳೆದ ಸಲ ನನಗೆ ತಲೆ ಕೆಟ್ಟು, "ಇನ್ನೇನಿರುತ್ತೆ, ಒಂದು ಕಾಗದ, ಒಂದು ಪೆನ್ನು!" ಎಂದು ಕೂಗಿದೆ. ಅವನು ಟೈ ಸರಿಮಾಡಿಕೊಂಡು, "ಪೆನ್ನಿಗೆ ದಾರ ಕಟ್ಟಿರ್ತಾರಾ?" ಎಂದ. ನಾನು ನೋಡಿರಲಿಲ್ಲ. ಮತ್ತೆ ಒಳಗೆ ಹೋಗಿ ನೋಡಿಕೊಂಡು ಬಂದೆ.